ಮೊದಲ ಕಾಯಿ

ಹುಲಿಯನ್ನು ಎತ್ತಿದ ಕೈ ಹಾಗೆಯೇ ನಿಂತುಬಿಟ್ಟಿತು. ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೀಚಿದ ಮುಕ್ಕೋನದ ಗುಡ್ಡ, ಗುಡ್ಡದ ಮೇಲೆ ಅಡ್ಡಡ್ಡ ಗೆರೆಗಳು, ಗೆರೆ ಗೆರೆ ಕೂಡುವಲ್ಲೆಲ್ಲ ಒಂದೊಂದು ಮನೆ. ಗುಡ್ಡದ ತುದಿಯಲ್ಲಿ ಇರಬೇಕಾದ ಹುಲಿ, ಅಂದರೆ ಹೊಳೆಯಿಂದ ಹೆಕ್ಕಿ ತಂದ ಕರಿಯ ನುಣುಪುಗಲ್ಲು, ನಾಗೇಶ್ವರನ ಎರಡು ಬೆರಳುಗಳ ನಡುವೆ ತಣ್ಣಗೆ ಕೂತಿತ್ತು. ಎದುರಿಗೆ ಅವನ ಹೆಂಡತಿ ವೇದಾವತಿ ಗೋಡೆಗೆ ಬೆನ್ನು ಆನಿಸಿ, ಒಂದು ಕಾಲು ಚಾಚಿ, ತುಂಬಿದ ಹೊಟ್ಟೆಯ ಮೇಲೆ ಒಂದು ಕೈ ಇಟ್ಟುಕೊಂಡು ಕೂತಿದ್ದಳು. ಇನ್ನೊಂದು ಕೈಯಲ್ಲಿ ಒಣಗಿದ ಕಾಫಿ ಹಣ್ಣುಗಳು. ಅವು ದನಗಳು.

"ಇಡಬೇಡಿ. ಒಂದನ್ನ ತಿಂದಾಯಿತಲ್ಲ, ಈಗ ನಿಮ್ಮ ಹುಲಿ ಒಂದು ಸರದಿ ಸುಮ್ಮನೆ ಕೂರಬೇಕು," ಎಂದಳು.

"ಹೌದು. ಮರೆತೆ."

"ಯಾಕೆ ಕೂರಬೇಕು?"

"ಸಾವ್ಕಾರರ ಮನೆಯ ಆಟದ ಕ್ರಮ ಹಾಗೆ."

"ಕ್ರಮ ನನಗೂ ಗೊತ್ತು. ನಿಮ್ಮ ಕಥೆಯಲ್ಲಿ ಯಾಕೆ ಅಂತ ಕೇಳಿದ್ದು. ಸಾವ್ಕಾರ್ರು ಹೇಳೂ ಕಥೆಯಲ್ಲಿ ಅವರ ಅಜ್ಜ ಒಬ್ಬರೇ ಕೋವಿ ಹಿಡಿದು ಹೋಗ್ತಾರೆ, ಒಂದೇ ಗುಂಡಿಗೆ ಹುಲಿ ಬೀಳ್ತದೆ. ಇಲ್ಲಿ ನೋಡಿದ್ರೆ ಕೋವಿಯೂ ಇಲ್ಲ, ಅಜ್ಜನೂ ಇಲ್ಲ. ಹುಲಿ ಸಾಯೂದೂ ಇಲ್ಲ. ಇಷ್ಟು ದನ ಸೇರಿ ಅದನ್ನ ಅಲ್ಲಾಡದ ಹಾಗೆ ಮಾಡ್ತವೆ, ಅಷ್ಟೆ."

ನಾಗೇಶ್ವರ ಕಲ್ಲನ್ನು ಮೆಲ್ಲಗೆ ಕೆಳಗಿಟ್ಟ. ಅದು ನೆಲಕ್ಕೆ ತಾಗಿದ ಸದ್ದು ಅಗತ್ಯಕ್ಕಿಂತ ದೊಡ್ಡದಾಗಿ ಕೇಳಿತು. ಹೊರಗೆ ಬೆಳಿಗ್ಗೆಯ ಮಂಜು ಇನ್ನೂ ಪೂರ್ತಿ ಎದ್ದಿರಲಿಲ್ಲ. ಈ ಹೊತ್ತಿಗೆ ಕೂಲಿಯವರ ಸಾಲುಮನೆಗಳ ಲೈನಿನಿಂದ ಹೆಂಗಸರು ಬುಟ್ಟಿ, ಚೀಲ ಎತ್ತಿಕೊಂಡು ಮಾತಾಡುತ್ತ ಮೇಲೆ ಹೋಗಬೇಕಿತ್ತು. ಹೋಗುತ್ತಿರಲಿಲ್ಲ. ಮೇಲಿನ ಬ್ಲಾಕಿನಲ್ಲಿ ಸಾವ್ಕಾರರ ಹಸುವಿನ ಅರ್ಧ ದೇಹ ಸಿಕ್ಕ ದಿನದಿಂದ ಕುಯ್ಲು ನಿಂತಿತ್ತು. ಸಂಜೆ ಹೊತ್ತು ಗುಡ್ಡದ ಆ ಮೈಯಿಂದ ಯಾರೋ ಮುದುಕ ಗಂಟಲು ಸರಿಮಾಡಿಕೊಂಡ ಹಾಗೆ ಒಂದು ಕೆಮ್ಮು ಕೇಳುತ್ತಿತ್ತು. ಕೇಳಿದಾಗ ಮಾತಾಡುತ್ತಿದ್ದವರು ಮಾತು ನಿಲ್ಲಿಸಿ, ಸ್ವಲ್ಪ ತಡೆದು, ಅದೇ ಮಾತನ್ನು ಮುಂದುವರಿಸುತ್ತಿದ್ದರು. ಹಣ್ಣು ಮಾತ್ರ ಯಾರನ್ನೂ ಕಾಯದೆ ಕೆಂಪಾಗಿ, ಕಪ್ಪಾಗಿ, ಗಿಡದ ಬುಡಕ್ಕೆ ಉದುರುತ್ತಿತ್ತು. ಗಾಳಿ ಇಳಿದಾಗ ಹುಳಿತ ಹಣ್ಣಿನ ವಾಸನೆ ಕೆಳಗಿನ ಕ್ವಾರ್ಟರ್ಸಿನವರೆಗೂ ಬರುತ್ತಿತ್ತು. ವೇದಾವತಿಗೆ ಅದರಿಂದ ವಾಕರಿಕೆ. ನಾಗೇಶ್ವರನಿಗೆ ಆ ವಾಸನೆಯ ಕೆಳಗೆ ಇನ್ನೊಂದು ವಾಸನೆ ಇದೆಯೆಂದು ಅನ್ನಿಸುತ್ತಿತ್ತು, ಯಾರಿಗೂ ಹೇಳಿರಲಿಲ್ಲ.

ಮಾದಾಪುರದ ಮೇಲಿನ ಈ ಎಸ್ಟೇಟಿನಲ್ಲಿ ಹುಲಿ ನುಗ್ಗಿದಾಗ ಹೀಗೆ ಮಾಡುವುದು ಎಂದು ಒಂದು ಪದ್ಧತಿ ಇತ್ತು. ಸಾವ್ಕಾರ ನಾಣಯ್ಯನವರ ಮನೆಯ ಜಗಲಿಯ ಕಲ್ಲಿನಲ್ಲಿ ಒಂದು ಹುಲಿಯಾಟ ಕೊರೆದಿದೆ. ಎಲ್ಲ ಊರಲ್ಲೂ ಆಡುವ ಆಟವೇ. ಹುಲಿ ದನದ ಮೇಲಿಂದ ಹಾರಿ ಆಚೆಯ ಖಾಲಿ ಮನೆಯಲ್ಲಿ ಇಳಿದರೆ ದನ ಸತ್ತಂತೆ. ದನಗಳು ಒತ್ತೊತ್ತಾಗಿ ನಿಂತು ಹುಲಿಗೆ ದಾರಿ ಮುಚ್ಚಿದರೆ ಹುಲಿ ಕಟ್ಟಿದಂತೆ. ಆದರೆ ಈ ಮನೆಯ ಆಟದಲ್ಲಿ ಮೊದಲ ಕಾಯನ್ನು ಹುಲಿಯ ಬಾಯಿಗೇ ಇಡಬೇಕು. ಹುಲಿ ಹಾರುವುದೂ ಬೇಡ, ಸುಮ್ಮನೆ ಎತ್ತಿಕೊಳ್ಳುತ್ತದೆ. ಎತ್ತಿಕೊಂಡ ಮೇಲೆ ಒಂದು ಸರದಿ ಕದಲದೆ ಕೂರುತ್ತದೆ. ಆ ಮೊದಲ ಕಾಯನ್ನು ಮನೆಯವರ ಕೈ ಮುಟ್ಟುವ ಹಾಗಿಲ್ಲ, ಲೈನಿನಿಂದ ಯಾರನ್ನಾದರೂ ಕರೆದು ಇಡಿಸುತ್ತಾರೆ. ಹುಲಿಯ ಭಯ ಇರುವ ಕಾಲದಲ್ಲಿ, ಕಲ್ಲಿನ ಮೇಲೆ ಹುಲಿ ಕಟ್ಟಿದ ಕೂಡಲೇ ತೋಟ ತೆರೆದಂತೆ. ಆ ಮೊದಲ ಕಾಯಿ ಇಟ್ಟವರು ಎಲ್ಲರಿಗಿಂತ ಮುಂದೆ ಮೇಲೆ ಹತ್ತಬೇಕು. ಉಳಿದವರು ಹಿಂದೆ.

ಇಷ್ಟು ವರ್ಷ ಯಾರೂ ಏನೂ ಕೇಳಿರಲಿಲ್ಲ. ಈ ಸಲ ಕೇಳಿದವನು ಮೇಸ್ತ್ರಿ ಕಲ್ಲೇಶಪ್ಪ. ಬಯಲುಸೀಮೆಯಿಂದ ತನ್ನ ಆಳುಗಳನ್ನು ಕರೆದುಕೊಂಡು ಬಂದವನು, ಆಟ ಅಂದರೆ ಜೀವ ಬಿಡುವವನು. ಮೊನ್ನೆ ಅಂಗಳದಲ್ಲಿ ಆಳುಗಳೆಲ್ಲ ನಿಂತಿರುವಾಗ, ನಾಣಯ್ಯನವರು ಎಂದಿನಂತೆ ಅಜ್ಜ ದೊಡ್ಡ ಬೋಜಪ್ಪನ ಕಥೆ ಹೇಳಿ ಮುಗಿಸಿದ್ದರು. ಕಲ್ಲೇಶಪ್ಪ ತಲೆ ಕೆರೆದುಕೊಂಡು ಕೇಳಿದ. "ಅಲ್ಲ ಸಾವ್ಕಾರ್ರೇ, ತಪ್ಪು ತಿಳ್ಕೋಬ್ಯಾಡಿ. ಅಜ್ಜಾರು ಒಬ್ರೇ ಹೋಗಿ ಸುಟ್ರು ಅಂತೀರಿ. ಆಟದಾಗೆ ಕೋವಿ ಎಲ್ಲೈತೆ? ನಮ್ಮೂರ್ನಾಗೆ ಹುಲಿಗೆ ಪುಕ್ಕಟೆ ದನ ಕೊಡೋರು ಯಾರೂ ಇಲ್ಲ. ನಿಮ್ಮನೆ ಹುಲಿ ಏನು ನೆಂಟ್ರಾ, ಎಲೆ ಹಾಕಿ ಬಡಿಸೋಕೆ?"

ಅಂಗಳದಲ್ಲಿ ನಗು ಎದ್ದಿತು. ಹಿಂದಿನಿಂದ ಯಾರೋ, "ಅಜ್ಜ ಒಂದೇ ಗುಂಡಿಗೆ ಹೊಡೆದ್ರಂತೆ, ಮೊಮ್ಮಗ ಮರದ ಮೇಲೆ ಮಚಾನಿನಲ್ಲಿ ಎರಡು ರಾತ್ರಿ ನಿದ್ದೆ ಮಾಡಿ ಬಂದ್ರಂತೆ" ಅಂದರು. ನಗು ಇನ್ನಷ್ಟಾಯಿತು. ಆಮೇಲೆ ಮೊದಲ ಕಾಯಿ ಇಡಲು ಯಾರೂ ಮುಂದೆ ಬರಲಿಲ್ಲ. ಆಟ ನಡೆಯಲಿಲ್ಲ. ತೋಟ ತೆರೆಯಲಿಲ್ಲ.

ಅದೇ ಮಧ್ಯಾಹ್ನ ನಾಣಯ್ಯನವರು, ಎಸ್ಟೇಟಿನ ರೈಟರಾದ ನಾಗೇಶ್ವರ ಲೆಕ್ಕ ಬರೆಯುವ ಆಫೀಸು ಕೋಣೆಗೆ ಬಂದು, ಕೂರದೆ, ಕಿಟಕಿಯ ಹತ್ತಿರ ನಿಂತುಕೊಂಡೇ ಹೇಳಿದ್ದರು. "ನಮ್ಮ ನಾಡು ಮೈಸೂರಿಗೆ ಸೇರಿದ್ದೇ ಸೇರಿದ್ದು ರೈಟ್ರೇ, ಅಲ್ಲಿಯವರು ಬಂದು ನಮ್ಮ ಕಥೆಗೆ ಲೆಕ್ಕ ಕೇಳುವ ಹಾಗಾಯ್ತು. ನೀವು ಕಥೆ ಪುಸ್ತಕ ಬಹಳ ಓದ್ತೀರಲ್ಲ, ರಷ್ಯಾದ್ದು ಎಲ್ಲ. ಕೂತು ಇದನ್ನ ಸರಿ ಮಾಡಿ. ಆಟ ಬದಲಾಗಕೂಡದು, ಅದು ಕಲ್ಲಲ್ಲಿ ಉಂಟು. ಕಥೆ ಆಟಕ್ಕೆ ಕೂಡಬೇಕು, ಅಷ್ಟೆ." ಬಾಗಿಲ ತನಕ ಹೋಗಿ ತಿರುಗಿ, ನಗುತ್ತಲೇ, "ಕೂಡದೆ ಹೋದ್ರೆ, ನಿಮ್ಮ ಮನೆಯವರ ಹೆರಿಗೆ ಇಲ್ಲಿ ಆಗಬೇಕೋ ನಿಮ್ಮೂರಲ್ಲಿ ಆಗಬೇಕೋ ನೀವೇ ನೋಡಿಕೊಳ್ಳಿ. ಕುಯ್ಲೇ ಇಲ್ಲ ಅಂದ ಮೇಲೆ ರೈಟರಿಗೆ ಬರೆಯಲಿಕ್ಕೆ ಎಂತ ಉಂಟು?" ಅಂದರು. ನಾಗೇಶ್ವರನೂ ನಕ್ಕಿದ್ದ. ನಕ್ಕಿದ್ದು ನೆನಪಾದಾಗಲೆಲ್ಲ ಅವನ ಕಿವಿ ಬಿಸಿಯಾಗುತ್ತಿತ್ತು. ತನ್ನ ಊರು ಎಂದರೆ ಅಣ್ಣ ಪೂಜೆ ಮಾಡುವ ಗುಡಿ, ಅಣ್ಣನ ಅಡಿಗೆಮನೆಯಲ್ಲಿ ಅತ್ತಿಗೆಯ ಬೆನ್ನು. ಆ ಬೆನ್ನು ನೋಡಿಕೊಂಡು ವೇದಾವತಿ ಬಾಣಂತನ ಮಾಡಿಸಿಕೊಳ್ಳುವುದು ಎಂದರೆ ಏನೆಂದು ಇಬ್ಬರಿಗೂ ಗೊತ್ತಿತ್ತು, ಅದನ್ನು ಇಬ್ಬರೂ ಮಾತಾಡಿರಲಿಲ್ಲ.

ನಾಗೇಶ್ವರ ಮೊದಲು ಬರೆದ ಕಥೆಯಲ್ಲಿ, ಆಡುವವನ ಕೈಯೇ ಕೋವಿ, ಅದಕ್ಕೇ ಆಟದಲ್ಲಿ ಕೋವಿ ಇಲ್ಲ ಎಂದಿದ್ದ. ವೇದಾವತಿ ನಕ್ಕುಬಿಟ್ಟಳು. ಎರಡನೆಯದರಲ್ಲಿ ಅಜ್ಜ ಹುಲಿಯ ಬಾಯಿಗೆ ಒಂದು ಕರುವನ್ನು ಕಟ್ಟಿದರು, ಹುಲಿ ತಿಂದು ಮೈಮರೆತಾಗ ಊರವರು ಸುತ್ತುವರಿದರು. ಇದು ಪರವಾಗಿಲ್ಲ ಅನ್ನಿಸಿತ್ತು. ಆದರೆ ನಿನ್ನೆ ಆಡುತ್ತ ಆಡುತ್ತ ಅವಳು ಕೇಳಿದಳು. "ಕರು ಆದ್ರೆ ಅದನ್ನ ಇಡೂದಕ್ಕೆ ಲೈನಿನವರೇ ಯಾಕೆ ಬೇಕು? ಇಟ್ಟವರೇ ಮುಂದೆ ಯಾಕೆ ಹತ್ತಬೇಕು? ಕರು ಕಟ್ಟಿದವರು ಹಿಂದೆ ಬರ್ತಾರೆ, ಅಲ್ವಾ?" ಕೇಳಿ ಅವಳು ಅವನ ಮುಖ ನೋಡಲಿಲ್ಲ. ಉಳಿದ ಕಾಯಿಗಳೆಲ್ಲ ಕಾಫಿ ಹಣ್ಣು, ಮೊದಲ ಕಾಯಿ ಮಾತ್ರ ಕೆಂಪು ಗಾಜಿನ ಬಳೆಯ ಚೂರು. ಅದು ನಾಣಯ್ಯನವರ ತಾಯಿ ಗಂಗಮ್ಮನ ಎಲೆಯಡಿಕೆ ಚೀಲದಲ್ಲಿ ಬಟ್ಟೆಯೊಳಗೆ ಸುತ್ತಿ ಇರುತ್ತದೆ. ಮುಂಚೆ ಅಲ್ಲಿ ಇದ್ದದ್ದು ಒಂದು ಇದ್ದಿಲ ತುಂಡಂತೆ. ಬಳೆ ಚೂರು ಯಾವಾಗ ಬಂತು ಎಂದು ಯಾರೂ ಹೇಳುವುದಿಲ್ಲ. ಆ ಮನೆಯ ಹೆಂಗಸರ ಕೈಯಲ್ಲಿ ಚಿನ್ನದ ಬಳೆ. ಅಂಥ ಅಗ್ಗದ ಕೆಂಪು ಗಾಜು ಮಾದಾಪುರದ ಸಂತೆಯಲ್ಲಿ ಲೈನಿನ ಹೆಂಗಸರು ಕೊಳ್ಳುವಂಥದು.

ನೀರಿನ ಹತ್ತಿರ ಹೆಂಗಸರಿಂದ ವೇದಾವತಿ ಇನ್ನೂ ಒಂದು ಕೇಳಿಕೊಂಡು ಬಂದಿದ್ದಳು. ಇವರು ಇಲ್ಲಿಗೆ ಬರುವ ಮುಂಚೆ, ಒಂದು ಕುಯ್ಲಿನ ಕಾಲದಲ್ಲಿ ಹೀಗೆಯೇ ಹುಲಿಯ ಭಯ ಇದ್ದಾಗ, ಮೊದಲ ಕಾಯಿ ಇಟ್ಟು ಮುಂದೆ ಹತ್ತಿದವಳು ಲೈನಿನ ಮಾರಿಯ ಅಕ್ಕ. ಮಂಜು ದಟ್ಟವಾಗಿತ್ತು. ಹಿಂದೆ ಹೋದವರು ಅವಳನ್ನು ಕಾಣಲಿಲ್ಲ. ಗಾಡಿಯವನೊಬ್ಬನ ಜೊತೆ ಘಟ್ಟ ಇಳಿದು ಮಲಯಾಳದ ಕಡೆ ಓಡಿಹೋದಳು ಎಂದು ಸಾವ್ಕಾರರ ಮನೆಯವರು ಹೇಳುತ್ತಾರೆ. ಗಾಡಿಯವನ ಹೆಸರು ಯಾರಿಗೂ ಗೊತ್ತಿಲ್ಲ.

"ಓಡಿಹೋಗಿರಬಹುದು," ಎಂದಿದ್ದ ನಾಗೇಶ್ವರ.

"ಇರಬಹುದು," ಎಂದಿದ್ದಳು ವೇದಾವತಿ.

ಮೂರನೆಯದನ್ನು ಅವನು ಇವತ್ತು ಕೋಳಿ ಕೂಗುವ ಹೊತ್ತಿಗೆ ಬರೆದ. ಬರೆದ ಎನ್ನುವುದಕ್ಕಿಂತ ಅದು ತಾನಾಗಿ ಬಂದು ಕೂತಿತು. ಹುಲಿಯ ಕಾಟಕ್ಕೆ ಊರು ಕಂಗೆಟ್ಟಾಗ ದೊಡ್ಡ ಬೋಜಪ್ಪ ಕೋವಿ ಎತ್ತಿಕೊಂಡರು. ಆಗ ಮನೆಯ ಆಳೊಬ್ಬ ಅವರ ಕಾಲು ಹಿಡಿದು, ಒಡೆಯರೇ, ನೀವು ಉಳಿದರೆ ಊರು ಉಳಿಯುತ್ತದೆ, ಮೊದಲು ನಾನು ಹೋಗುತ್ತೇನೆ ಎಂದ. ಎಷ್ಟು ಬೇಡವೆಂದರೂ ಕೇಳದೆ ನಗುನಗುತ್ತ ಮುಂದೆ ಹತ್ತಿದ. ಹುಲಿ ಅವನನ್ನು ಹಿಡಿಯಿತು. ಹಿಡಿದು, ಅವನ ಧೈರ್ಯಕ್ಕೆ ಬೆರಗಾಗಿ, ಒಂದು ಗಳಿಗೆ ಕದಲದೆ ಕೂತಿತು. ಆ ಗಳಿಗೆಯಲ್ಲಿ ಊರವರು ಸುತ್ತುವರಿದರು. ಅಂದಿನಿಂದ ಮೊದಲ ಕಾಯಿಯ ಗೌರವ ಆ ಆಳಿನ ಕುಲಕ್ಕೇ ಸೇರಿದ್ದು. ಮನೆಯವರು ಅದನ್ನು ಮುಟ್ಟುವುದಿಲ್ಲ.

ಎಲ್ಲ ಕೂಡಿತು. ಹುಲಿ ಕೂರುವುದು ಕೂಡಿತು, ಕೋವಿ ಇಲ್ಲದ್ದು ಕೂಡಿತು, ಮನೆಯವರ ಕೈ ಕೂಡಿತು, ಮುಂದೆ ಹತ್ತುವುದು ಕೂಡಿತು. ಆಟದ ಒಂದೊಂದು ಕಟ್ಟಳೆಯೂ ಕಥೆಯ ಒಂದೊಂದು ತೂತಿಗೆ ಗೂಟದ ಹಾಗೆ ಹೋಗಿ ಕೂತಾಗ ಅವನ ಮೈಯಲ್ಲಿ ಒಂದು ಸಣ್ಣ ಸುಖ ಹರಿಯಿತು. ನಾಚಿಕೆ ಬಂದದ್ದು ಆಮೇಲೆ, ಮುಖ ತೊಳೆಯುವಾಗ. ಆಗಲೂ ಅದು ಪೂರ್ತಿ ನಾಚಿಕೆಯಾಗಿರಲಿಲ್ಲ. ಎಲ್ಲಾದರೂ ಒಂದು ಎಳೆ ಬಿಟ್ಟುಹೋಗಿದೆಯೇ ಎಂಬ ಕಳವಳವೂ ಅದರಲ್ಲಿ ಸೇರಿತ್ತು. ಅದಕ್ಕೇ ಹೆಂಡತಿಯನ್ನು ಎಬ್ಬಿಸಿ ಇನ್ನೊಂದು ಆಟ ಆಡಿಸಿದ್ದು.

ಈಗ ಅವನು ಹಾಳೆಯನ್ನು ಓದಿ ಹೇಳಿದ. ವೇದಾವತಿ ಕೇಳಿದಳು. ಕೇಳಿ ಆದ ಮೇಲೆ ಕಷ್ಟಪಟ್ಟು ಮುಂದಕ್ಕೆ ಬಾಗಿ, ಸೆರಗಿನ ತುದಿಯಿಂದ ನೆಲದ ಗೆರೆಗಳನ್ನು ಒರೆಸತೊಡಗಿದಳು.

"ಹೇಗಿದೆ?"

"ಚೆನ್ನಾಗಿದೆ."

"ನಂಬ್ತಾರಾ?"

"ಸಾವ್ಕಾರ್ರು ನಂಬ್ತಾರೆ." ಗುಡ್ಡದ ತುದಿ ಅಳಿಸಿಹೋಯಿತು. "ನೀವು ಹೋದ ವರ್ಷ ಹತ್ತಿದ್ರಲ್ಲ. ನಗುನಗುತ್ತ ಹತ್ತಿದ್ರಾ?"

ಅವನು ಅಂಗಿ ತೊಟ್ಟುಕೊಂಡ.

ಕ್ವಾರ್ಟರ್ಸಿನಿಂದ ದೊಡ್ಡ ಮನೆಗೆ ಹೋಗುವ ದಾರಿ ಕಾಫಿ ಗಿಡಗಳ ಪಕ್ಕದಲ್ಲೇ ಏರುತ್ತದೆ. ಎಲೆಗಳಿಂದ ಮಂಜು ತೊಟ್ಟಿಕ್ಕುತ್ತಿತ್ತು. ಒಂದು ಹನಿ ಬಿದ್ದ ಸದ್ದಿಗೂ ಇನ್ನೊಂದು ಹನಿ ಬೀಳುವುದಕ್ಕೂ ನಡುವೆ ಏನೋ ಉಸಿರು ಬಿಗಿಹಿಡಿದಂತೆ. ಹೋದ ವರ್ಷ ಹುಲಿ ಇರಲಿಲ್ಲ. ಹುತ್ತರಿ ಹಬ್ಬ ಮುಗಿದ ಮರುದಿನ, ನೆಂಟರಿಷ್ಟರು ತುಂಬಿದ್ದ ಜಗಲಿಯಲ್ಲಿ ಬರಿಯ ಸಂತೋಷಕ್ಕೆ ಆಟ ಹಾಕಿದ್ದರು. ಲೈನಿನವರು ಯಾರೂ ಹತ್ತಿರ ಇರಲಿಲ್ಲ. "ರೈಟ್ರೇ, ನೀವೇ ಒಂದು ಕಾಯಿ ಇಡಿ," ಅಂದರು ನಾಣಯ್ಯನವರು. ಅವನಿಗೆ ಹೆಮ್ಮೆಯಾಯಿತು. ಈ ಮನೆಯಲ್ಲಿ ಮೊದಲ ಕಾಯಿ ಇಡುವ ಮರ್ಯಾದೆ ತನಗೆ ಕೊಟ್ಟರಲ್ಲ ಎಂದು, ಪಂಚೆಯ ನಿರಿಗೆ ಸರಿಮಾಡಿಕೊಂಡು, ದೇವರ ಮುಂದೆ ಹೂವಿಡುವ ಹಾಗೆ ಎರಡು ಬೆರಳಲ್ಲಿ ಬಳೆ ಚೂರು ಹಿಡಿದು ಇಟ್ಟ. ಒಳಬಾಗಿಲಲ್ಲಿ ನಿಂತಿದ್ದ ಹೆಂಗಸರಲ್ಲಿ ಯಾರೋ ಛೇ ಎಂದರು. ಗಂಗಮ್ಮ, "ಬ್ರಾಹ್ಮಣನ ಕೈಲಿ ಇಡಿಸುದಾ ನಾಣಯ್ಯ?" ಎಂದು ಮಗನನ್ನು ಗದರಿದರು. "ಇರಲಿ ಅವ್ವ, ರೈಟ್ರೂ ಹೊರಗಿನವರೇ ಅಲ್ಲವಾ," ಅಂದರು ನಾಣಯ್ಯನವರು. ನೆಂಟರು ನಕ್ಕರು. ಶಾಸ್ತ್ರಕ್ಕೆ ಅಂತ ಅವನನ್ನು ಮುಂದೆ ಕಳಿಸಿದರು, ಮೊದಲ ಸಾಲಿನ ಗಿಡ ಮುಟ್ಟಿ ಬಂದರೆ ಸಾಕು ಅಂತ.

ಬೆಳಗಿನ ಬಿಸಿಲಿತ್ತು. ಹುಲಿ ಇರಲಿಲ್ಲ. ಆದರೂ ಅಂಗಳ ದಾಟಿ ಗಿಡಗಳ ನಡುವೆ ಕಾಲಿಟ್ಟ ಕೂಡಲೇ ಹಿಂದಿನ ಮಾತುಗಳೆಲ್ಲ ಒಮ್ಮೆಲೇ ನಿಂತವು. ಅಷ್ಟು ಜನ ಏಕೆ ಸುಮ್ಮನಾದರು ಎಂದು ತಿರುಗಿ ನೋಡಬೇಕೆನಿಸಿತು. ತಿರುಗಿದರೆ ನಗುತ್ತಾರೆಂದು ತಿರುಗಲಿಲ್ಲ. ಬೆನ್ನಿನ ಮೇಲೆ ಒಂದು ಕಡೆ ಚರ್ಮ ತೆಳುವಾದ ಹಾಗೆ, ಅಲ್ಲಿ ಯಾರ ಕಣ್ಣೋ ಇಟ್ಟ ಹಾಗೆ. ಮುಂದಿನದಕ್ಕಿಂತ ಹಿಂದಿನದೇ ಹೆಚ್ಚು ಭಯ. ಅವರೆಲ್ಲ ಕಾಯುತ್ತಿದ್ದರು. ಏನಾದರೂ ಆಗಲಿ ಎಂದೇನಲ್ಲ, ಆದರೆ ಆಗುವುದಿದ್ದರೆ ಈಗ ಆಗಿಹೋಗಲಿ, ತಮಗಿಂತ ಮೊದಲು ಆಗಲಿ ಎಂದು ಕಾಯುತ್ತಿದ್ದರು. ಹುಲಿ ಎಂದರೆ ಇದೇ ಏನೋ ಎಂದು ಅವನಿಗೆ ಅನ್ನಿಸಿತ್ತು. ಗಿಡ ಮುಟ್ಟಿದಾಗ ಹಣ್ಣುಗಳು ಉದುರಿದವು. ತಿರುಗಿ ಬಂದಾಗ ಎಲ್ಲರೂ ಮತ್ತೆ ಮಾತಾಡುತ್ತಿದ್ದರು, ಅವನಿಗೆ ಪಾಯಸ ಕೊಟ್ಟರು, ಅವನು ಕುಡಿದ. ಆ ರಾತ್ರಿಯಿಂದ ಅವನ ಮೂಗಿಗೆ ಆ ಇನ್ನೊಂದು ವಾಸನೆ.

ಇಷ್ಟನ್ನೂ ಅವನು ಮೂರನೆಯ ಕಥೆಗೆ ಉಪಯೋಗಿಸಿಕೊಂಡಿದ್ದ. ಹಿಂದಿನ ಮೌನ, ತೊಟ್ಟಿಕ್ಕುವ ಎಲೆ, ಬೆನ್ನಿನ ಮೇಲಿನ ಕಣ್ಣುಗಳು, ಎಲ್ಲ ಹಾಗೆಯೇ ಇತ್ತು. ಭಯ ಎಂದು ಬರೆಯಬೇಕಾದ ಕಡೆ ಸಂತೋಷ ಎಂದು ಬರೆದಿದ್ದ. ಒಂದು ಮಾತು ಬದಲಾಯಿಸಿದರೆ ಉಳಿದದ್ದು ಹಾಗೇ ನಿಲ್ಲುತ್ತದೆ ಎಂದು ಕಂಡುಕೊಂಡದ್ದೇ ಅವನ ಜಾಣತನ.

ಅಂಗಳದಲ್ಲಿ ಎಲ್ಲ ಸೇರಿದ್ದರು. ಒಂದು ಕಡೆ ಕಲ್ಲೇಶಪ್ಪ ಮತ್ತು ಅವನ ಆಳುಗಳು, ಇನ್ನೊಂದು ಕಡೆ ಹಳೆಯ ಲೈನಿನವರು. ಜಗಲಿಯ ಮೇಲೆ ಗಂಗಮ್ಮ ಗೋಡೆಗೆ ಒರಗಿ ಎಲೆ ಮಡಿಸುತ್ತಿದ್ದರು. ಮಾರಿ ಹಳೆಯ ಲೈನಿನವರ ತುದಿಯಲ್ಲಿ ನಿಂತಿದ್ದಳು. ಸಣ್ಣ ಮೈಯ, ವಯಸ್ಸು ಹೇಳಲಾಗದ ಹೆಂಗಸು. ಕುಯ್ಲಿನ ಚೀಲವನ್ನು ಸೊಂಟಕ್ಕೆ ಕಟ್ಟಿಕೊಂಡೇ ಬಂದಿದ್ದಳು. ಅದನ್ನು ನೋಡಿ ನಾಗೇಶ್ವರನಿಗೆ ಒಂದು ಗಳಿಗೆ ಸಮಾಧಾನವಾಯಿತು: ಕೆಲಸಕ್ಕೆ ತಯಾರಾಗಿಯೇ ಬಂದಿದ್ದಾಳೆ.

"ಬಂದ್ರಾ. ಕೂಡಿತಾ?" ಅಂದರು ನಾಣಯ್ಯನವರು.

"ಕೂಡಿದೆ."

"ಹಾಗಾದ್ರೆ ಓದಿ. ಗಟ್ಟಿಯಾಗಿ. ಮೇಸ್ತ್ರಿಗೆ ಕೇಳಬೇಕು."

"ನನಗೆ ಕಿವಿ ಚೆನ್ನಾಗೈತೆ ಸಾವ್ಕಾರ್ರೇ," ಅಂದ ಕಲ್ಲೇಶಪ್ಪ. "ಹುಲಿಗೂ ಕೇಳೋ ಹಂಗೆ ಓದ್ಲಿ. ಅದೂ ತಿಳ್ಕೊಳ್ಳಿ, ತಾನು ಹೆಂಗೆ ಸತ್ತೆ ಅಂತ."

ನಾಗೇಶ್ವರ ಓದಿದ. ಮೊದಲ ಎರಡು ವಾಕ್ಯವನ್ನು ಅವಸರದಲ್ಲಿ ಓದಿದ. ಆಮೇಲೆ ಧ್ವನಿ ತಾನೇ ದಾರಿ ಮಾಡಿಕೊಂಡಿತು. ಆಳು ಕಾಲು ಹಿಡಿಯುವಲ್ಲಿ ಅಂಗಳ ನಿಶ್ಶಬ್ದವಾಯಿತು. ನಾಣಯ್ಯನವರ ಕಣ್ಣಲ್ಲಿ ನೀರು ಬಂದದ್ದನ್ನು ಅವನು ಹಾಳೆಯ ಅಂಚಿನಿಂದ ನೋಡಿದ, ನೋಡಿ ಓದಿನ ವೇಗ ತಗ್ಗಿಸಿದ. ಆಳು ನಗುನಗುತ್ತ ಹತ್ತುವಲ್ಲಿ ತನ್ನ ಧ್ವನಿ ಕಂಪಿಸಿದ್ದು ಅವನಿಗೇ ಕೇಳಿತು. ಅದು ನಾಟಕವೋ ನಿಜವೋ ತಿಳಿಯಲಿಲ್ಲ. ಯಾರೂ ಕೆಮ್ಮಲಿಲ್ಲ. ಆ ಮೌನ ತನಗೆ ಪರಿಚಯದ್ದು ಎಂದು ಹೊಳೆದದ್ದು ಕೊನೆಯ ಸಾಲಿಗೆ ಬಂದಾಗ. ಆವತ್ತು ಬೆನ್ನ ಹಿಂದೆ ಇದ್ದದ್ದೇ ಈಗ ಎದುರಿಗೆ ಇತ್ತು.

ಕಲ್ಲೇಶಪ್ಪ ತಲೆಯಾಡಿಸಿದ. "ಈಗ ಕೂಡ್ತು ಸ್ವಾಮಿ. ಒಪ್ಪಿದೆ. ಯಾರೋ ಒಬ್ಬ ಮನಸಾರೆ ಹೋದ ಅಂದ್ಮೇಲೆ ಇನ್ನೇನು ಕೇಳೋದೈತೆ." ಅವನ ಆಳುಗಳಲ್ಲಿ ಒಬ್ಬಿಬ್ಬರು ಚೀಲ ಬಿಚ್ಚಿ ಹೆಗಲಿಗೆ ಹಾಕಿಕೊಂಡರು. ನಾಗೇಶ್ವರನ ಎದೆ ಉಬ್ಬಿತು. ಅದನ್ನು ತಡೆಯಬೇಕೆನ್ನುವಷ್ಟರಲ್ಲಿ ಉಬ್ಬಿ ಆಗಿತ್ತು.

"ಮಾರೀ, ಬಾ ಇಲ್ಲಿ," ಅಂದರು ನಾಣಯ್ಯನವರು.

ಮಾರಿ ಬಂದಳು. ಜಗಲಿಯ ಮೆಟ್ಟಿಲ ಕೆಳಗೆ ನಿಂತಳು.

"ಕೇಳಿದೆಯಲ್ಲ. ನಿಮ್ಮ ಕುಲದವರು ಎಂಥವರು ಅಂತ ರೈಟ್ರು ಬರೆದಿದ್ದಾರೆ. ಇಷ್ಟು ದಿನ ನಮಗೂ ಗೊತ್ತಿರಲಿಲ್ಲ ಅಂತ ಇಟ್ಟುಕೋ. ಇನ್ನು ಮೇಲೆ ಮೊದಲ ಕಾಯಿ ನಿಮ್ಮದೇ. ಹುತ್ತರಿಗೆ ಮೊದಲ ಸೀರೆ ನಿನಗೆ. ಊಟಕ್ಕೆ ಮೊದಲ ಎಲೆ ನಿನಗೆ. ಆಯ್ತಲ್ಲ?"

ಗಂಗಮ್ಮ ಎಲೆಯಡಿಕೆ ಚೀಲ ತಡಕಿ, ಬಟ್ಟೆ ಬಿಚ್ಚಿ, ಕೆಂಪು ಚೂರನ್ನು ಮೇಲಿನಿಂದ ಬೀಳಿಸಲು ಕೈ ಚಾಚಿದರು. ಮಾರಿ ಕೈ ಒಡ್ಡಲಿಲ್ಲ. ಅವಳ ಎರಡು ಕೈಯೂ ಚೀಲದೊಳಗೆ ಇದ್ದವು. ಮುದುಕಿಯ ಕೈ ಗಾಳಿಯಲ್ಲಿ ಹಾಗೆಯೇ ನಿಂತಿತು. ಬೆಳಿಗ್ಗೆ ಹುಲಿಯನ್ನು ಹಿಡಿದು ನಿಂತ ತನ್ನ ಕೈ ನಾಗೇಶ್ವರನಿಗೆ ನೆನಪಾಯಿತು.

"ಕಿವಿ ಕೇಳುದಿಲ್ಲೆನಾ ಇವಳಿಗೆ?" ಅಂದರು ಗಂಗಮ್ಮ.

ಮಾರಿ ಮುದುಕಿಯನ್ನು ನೋಡುತ್ತಿರಲಿಲ್ಲ. ಚೂರನ್ನು ನೋಡುತ್ತಿದ್ದಳು. ಕಳೆದುಹೋದ ವಸ್ತು ಬೇರೆಯವರ ಮನೆಯಲ್ಲಿ ಕಂಡಾಗ, ಕೇಳಲೋ ಬೇಡವೋ ಎಂದು ನೋಡುವ ಹಾಗೆ. ನಾಣಯ್ಯನವರು ನಾಗೇಶ್ವರನ ಪಕ್ಕಕ್ಕೆ ಬಂದು ಧ್ವನಿ ತಗ್ಗಿಸಿದರು. "ರೈಟ್ರೇ, ಕಥೆ ನಿಮ್ಮದು. ನೀವು ಹೇಳಿದ್ರೆ ಕೇಳ್ತಾಳೆ. ಇವಳು ಹತ್ತಿದ್ರೆ ಎಲ್ಲರೂ ಹತ್ತಿದ ಹಾಗೆ. ಇಲ್ಲದಿದ್ರೆ ಇವತ್ತೂ ಹೋಯ್ತು." ತಾಯಿಯ ಕೈಯಿಂದ ಚೂರನ್ನು ಅವರು ಮುಟ್ಟಲಿಲ್ಲ. ಗಂಗಮ್ಮನೇ ಅದನ್ನು ನಾಗೇಶ್ವರನ ಅಂಗೈಗೆ ಬೀಳಿಸಿದರು. ಅದಕ್ಕೆ ಏನೂ ತೂಕವಿರಲಿಲ್ಲ. ಎಲೆ ಸುಣ್ಣದ ವಾಸನೆ ಹತ್ತಿತ್ತು.

ಅವನು ಮೆಟ್ಟಿಲು ಇಳಿದ. ತಾನೇ ಇಟ್ಟುಬಿಡಬಹುದು ಎಂಬ ಯೋಚನೆ ಇಳಿಯುವಾಗಲೇ ಬಂತು. ಹೋದ ವರ್ಷ ಇಟ್ಟಿದ್ದೇನೆ, ಹೊರಗಿನವನೇ, ಕಟ್ಟಳೆಗೆ ಏನೂ ಅಡ್ಡಿಯಿಲ್ಲ. ಇಟ್ಟು, ಆ ದಾರಿಯಲ್ಲಿ ಮೇಲೆ ಹತ್ತಬೇಕು. ಕಣ್ಣೆತ್ತಿದರೆ ದಾರಿ ಕಾಣುತ್ತಿತ್ತು, ಮೊದಲ ಸಾಲಿನ ಗಿಡಗಳು, ಅವುಗಳ ಹಿಂದೆ ಬಿಳಿಯ ಮಂಜು. ಆ ಯೋಚನೆಯನ್ನು ಅವನು, ತುಂಬಿದ ಬಸ್ಸು ಸ್ಟಾಪಿನಲ್ಲಿ ನಿಂತು ಹೊರಡುವುದನ್ನು ದಾರಿಬದಿಯಲ್ಲಿ ನಿಂತವನು ನೋಡುವ ಹಾಗೆ, ನೋಡಿ ಹೋಗಗೊಟ್ಟ. ವೇದಾವತಿ, ಹೆರಿಗೆ, ಅತ್ತಿಗೆಯ ಬೆನ್ನು, ಎಲ್ಲ ಸರಿಯಾದ ಕಾರಣಗಳೇ. ಅವು ಸಾಲಾಗಿ ಬಂದು ಸುತ್ತ ನಿಂತವು.

ಮಾರಿಯ ಎದುರಿಗೆ ಬಂದು ನಿಂತ. ಈ ಹೆಂಗಸಿಗೆ ಅವನು ಯಾವತ್ತೂ ಏನನ್ನೂ ಕೈಯಿಂದ ಕೈಗೆ ಕೊಟ್ಟಿರಲಿಲ್ಲ; ಕೂಲಿಯ ಹಣವನ್ನೂ ಆಫೀಸಿನ ಕಿಟಕಿಯ ಕಟ್ಟೆಯ ಮೇಲೆ ಇಡುತ್ತಿದ್ದ, ಅವಳು ಎತ್ತಿಕೊಳ್ಳುತ್ತಿದ್ದಳು. ಇವತ್ತು ಅಂಗೈಯನ್ನು ಪೂರ್ತಿ ಬಿಡಿಸಿ ಅವಳ ಮುಂದೆ ಹಿಡಿದ. ಮುಟ್ಟಿದರೆ ಮುಟ್ಟಲಿ ಎಂದು ಹಿಡಿದ. ಅದೂ ಲಂಚ ಎಂದು ಹಿಡಿದ ಮೇಲೆ ತಿಳಿಯಿತು.

"ತಗೋ ಮಾರಿ. ಇದು ಬರೀ ಆಟ."

ಅವಳು ಅವನ ಮುಖವನ್ನು ಹೊಸದಾಗಿ ಕಂಡ ಹಾಗೆ ನೋಡಿದಳು.

"ಬರೀ ಆಟವಾ?"

"ಬರೀ ಆಟ. ಇಟ್ಟು ನಾಲ್ಕು ಹೆಜ್ಜೆ ಹತ್ತು. ಹಿಂದೆ ಎಲ್ಲರೂ ಇರ್ತಾರೆ."

"ಹಿಂದೆ," ಅಂದಳು ಮಾರಿ.

ಆಮೇಲೆ ಚೀಲದಿಂದ ಬಲಗೈ ತೆಗೆದಳು. ಹಣ್ಣು ಕಿತ್ತು ಕಿತ್ತು ಕಪ್ಪಾದ ಬೆರಳುಗಳು. ಅವು ಅವನ ಅಂಗೈಯನ್ನು ತಾಗಿದವು, ಒರಟಾಗಿ, ಬೆಚ್ಚಗೆ. ಚೂರನ್ನು ಎತ್ತಿಕೊಂಡವು. ಜಗಲಿಯ ಮೇಲೆ ನಾಣಯ್ಯನವರು ಉಸಿರು ಬಿಟ್ಟದ್ದು ಇಲ್ಲಿಗೂ ಕೇಳಿಸಿತು. ಕಲ್ಲೇಶಪ್ಪ ತನ್ನವರಿಗೆ, "ನಡೀರಿ, ನಡೀರಿ, ಬುಟ್ಟಿ ಎತ್ಕೊಳ್ಳಿ," ಎಂದ. ನಾಗೇಶ್ವರ ಕೈ ಕೆಳಗಿಳಿಸಿದ. ಮುಗಿಯಿತು, ಎಂದುಕೊಂಡ. ಎಲ್ಲ ಕೂಡಿತು.

ಮಾರಿ ಕಲ್ಲಿನ ಕಡೆ ಹೋಗಲಿಲ್ಲ. ಚೂರನ್ನು ಬೆಳಕಿಗೆ ಹಿಡಿದು ಒಂದು ಸಲ ತಿರುಗಿಸಿ ನೋಡಿದಳು. ಸೆರಗಿನಲ್ಲಿ ಒರೆಸಿದಳು. ಒರೆಸಿ, ತನ್ನ ಅಂಗೈ ಮೇಲಿಟ್ಟು, ಅವನು ಹಿಡಿದ ಹಾಗೆಯೇ ಪೂರ್ತಿ ಬಿಡಿಸಿ, ಅವನ ಮುಂದೆ ಹಿಡಿದಳು.

"ಅವ ನಗ್ತಾ ಹೋದ ಅಂತ ನೀವು ಚಂದಕ್ಕೆ ಓದಿದ್ರಿ ರೈಟ್ರೇ. ನಾನು ಓದಿದವಳಲ್ಲ, ನಗ್ತಾ ಹೋಗೂದು ನಂಗೆ ಬರೂದಿಲ್ಲ. ನೀವು ಹೋದ ವರ್ಷ ಇಟ್ಟವರೇ. ತಗೊಳ್ಳಿ, ಇಡಿ. ನಾನು ನಿಮ್ಮ ಹಿಂದೆ ಬರ್ತೇನೆ."

ಅಂಗಳದಲ್ಲಿ ಬುಟ್ಟಿ ಎತ್ತುತ್ತಿದ್ದವರು ಹಾಗೆಯೇ ನಿಂತ ಹಾಗಿತ್ತು. ಯಾರೂ ನಗಲಿಲ್ಲ. ಮೇಲಿನ ಬ್ಲಾಕಿನಿಂದ ಗಾಳಿ ಇಳಿಯಿತು, ಹುಳಿತ ಹಣ್ಣಿನ ವಾಸನೆ ಬಂತು, ಅದರ ಕೆಳಗಿನ ವಾಸನೆಯೂ ಬಂತು. ಅವನ ಬೆನ್ನಿನ ಮೇಲೆ ಅದೇ ಜಾಗದಲ್ಲಿ ಚರ್ಮ ತೆಳುವಾಯಿತು. ಜಗಲಿಯ ಮೇಲಿನಿಂದ ನಾಣಯ್ಯನವರು ಮೆಲ್ಲಗೆ, ಬಹಳ ಸಮಾಧಾನದಿಂದ, "ಇಡಿ ರೈಟ್ರೇ. ಅದಕ್ಕೇನಂತೆ. ಬರೀ ಆಟ," ಅಂದರು. ಕಲ್ಲೇಶಪ್ಪ ಕತ್ತು ಚಾಚಿ ನೋಡುತ್ತಿದ್ದ, ಆಟದಲ್ಲಿ ಒಳ್ಳೆಯ ನಡೆಯೊಂದು ಬಿದ್ದಾಗ ನೋಡುವ ಹಾಗೆ. ಮಾರಿಯ ಅಂಗೈ ಸ್ವಲ್ಪವೂ ಅಲುಗಲಿಲ್ಲ. ಅದರ ಗೆರೆಗಳ ನಡುವೆ ಕೆಂಪು ಚೂರು ಕೂತಿತ್ತು. ಮುಟ್ಟಿದರೆ ಸಾಕಿತ್ತು. ನಾಗೇಶ್ವರ ತನ್ನ ಎರಡು ಕೈಯೂ ಆಗಲೇ ಬೆನ್ನ ಹಿಂದೆ ಹೋಗಿ ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡದ್ದನ್ನು ಅರಿತ. ಏನಾದರೂ ಹೇಳಬೇಕು, ಹೆಂಡತಿಯ ಹೆಸರು ಹೇಳಬೇಕು, ಕಾಲುನೋವು ಅನ್ನಬೇಕು ಎಂದು ಬಾಯಿ ತೆರೆದ. ಬಾಯಿಂದ ಬಂದದ್ದು, ಕಥೆ ಓದಿದ ಅದೇ ಗಟ್ಟಿ ಸ್ವರದಲ್ಲಿ, ಅಂಗಳಕ್ಕೆಲ್ಲ ಕೇಳುವ ಹಾಗೆ:

"ಇಲ್ಲ. ನಾನು ಇಡೂದಿಲ್ಲ."